ಮಿಡಾಸ್‌ನ ಬೆಹ್ರಿಂಗರ್ ಕೊಂಡ್ಕೊಂಡ್ಮೇಲೆ ಯಾವುದನ್ನ ನಂಬೋದು? ಕುಮಟಾದ ಸೌಂಡ್ಸ್‌ನವರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಮಸ್ಕಾರ ಸರ್. ಕುಮಟಾ ಹತ್ರ ನಂದೊಂದು ಸಣ್ಣ ಸೌಂಡ್ ಸಿಸ್ಟಂ ಇದೆ. ನವೆಂಬರ್‌ನಿಂದ ಮೇ ತನಕ ಯಕ್ಷಗಾನ, ಮಧ್ಯದಲ್ಲಿ ರಿಸೆಪ್ಷನ್, ವರ್ಷಕ್ಕೆ ಏಳೆಂಟು ಆರ್ಕೆಸ್ಟ್ರಾ. ಹನ್ನೊಂದು ವರ್ಷದ ಹಳೇ 16 ಚಾನೆಲ್ ಅನಲಾಗ್ ಮಿಕ್ಸರ್‌ನಲ್ಲಿ ಈಗ ನಾಲ್ಕು ಚಾನೆಲ್ ಸತ್ತಿದೆ. ಎರಡು ಲಕ್ಷದ ಒಳಗೆ ಡಿಜಿಟಲ್ ತಗೊಳ್ಳೋಣ ಅಂತ. ಹುಬ್ಬಳ್ಳಿಯಲ್ಲಿ ಒಬ್ಬರು ಬೆಹ್ರಿಂಗರ್ ಕಂಪನಿಯ 2014ರ ಎಕ್ಸ್32 ಡಿಜಿಟಲ್ ಮಿಕ್ಸರನ್ನ ಒಂದು ಲಕ್ಷ ಹತ್ತು ಸಾವಿರಕ್ಕೆ ಕೊಡ್ತೀನಿ ಅಂದಿದಾರೆ. ಒಬ್ಬ ದೋಸ್ತ ಹೇಳ್ತಾನೆ, ಬೆಹ್ರಿಂಗರ್ ಅಂದ್ರೆ ಪ್ಲಾಸ್ಟಿಕ್ ಡಬ್ಬ, ಅಮೆರಿಕಾದಲ್ಲಿ ಕಳಪೆ ಮಾಲಿಗೆ ದಂಡ ಬಿದ್ದಿತ್ತು ಅಂತ. ಇನ್ನೊಬ್ಬ ಹೇಳ್ತಾನೆ, ಅವರು ಮಿಡಾಸ್ ಅನ್ನೋ ಹೆಸರಾಂತ ಮಿಕ್ಸರ್ ಕಂಪನಿನೇ ಕೊಂಡ್ಕೊಂಡಿದಾರೆ ಹಾಗಾಗಿ ಒಳಗಡೆ ಮಿಡಾಸೇ ಅಂತ. ಮೂರನೆಯವ್ರು ಮಿಡಾಸೇ ಹಾಳಾಯ್ತು ಅಂತಾರೆ. ಒಂದೇ ಸಲ ಹಾಕೋ ದುಡ್ಡು ಸರ್, ತಪ್ಪಿದ್ರೆ ಎರಡು ಸೀಸನ್ ಹೋಗತ್ತೆ. ಮತ್ತೆ ತಮ್ಮನಿಗೆ ಒಂದು ಹಳೇ ಡಿಜಿಟೆಕ್ ಗಿಟಾರ್ ಪೆಡಲ್ ಸಿಗ್ತಾ ಇದೆ, ಆ ಕಂಪನಿನೂ ಮಾರಾಟ ಆಯ್ತಂತಲ್ಲ, ತಗೋಬಹುದಾ?

ಉತ್ತರ:

ನಿಮ್ಮ ಚಿಂತೆ ನಂಗೆ ಚೆನ್ನಾಗಿ ಅರ್ಥ ಆಗತ್ತೆ. ರಾತ್ರಿ ಎರಡೂವರೆಗೆ ಭಾಗವತರು ಪದ್ಯ ಎತ್ತಿದಾಗ ಮಿಕ್ಸರ್ ಕೈಕೊಟ್ರೆ ಆ ಊರಲ್ಲಿ ಮುಂದಿನ ವರ್ಷ ನಿಮ್ಮನ್ನ ಕರೆಯಲ್ಲ, ಆಗ ಬ್ರ್ಯಾಂಡ್ ಯಾರದ್ದು ಅಂತ ಯಾರೂ ಕೇಳೋದೂ ಇಲ್ಲ. ಮಿಕ್ಸರ್, ಆಂಪ್ಲಿಫೈಯರ್ ರಿಪೇರಿ ಬೆಂಚಲ್ಲಿ ಇಪ್ಪತ್ತು ವರ್ಷದ ಮೇಲೆ ಕೂತವನಾಗಿ ಹೇಳ್ತೀನಿ, ನಿಮ್ಮ ಮೂರು ಜನ ಹೇಳಿದ್ರಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ, ಆದ್ರೆ ಮೂರೂ ಬೇರೆ ಬೇರೆ ಕಾಲದ ಮಾತು, ಎಲ್ಲಾ ಕಲಸಿ ಒಂದೇ ಪಾತ್ರೆಗೆ ಹಾಕಿದಾರೆ.

ಮೊದ್ಲು ದಂಡದ ವಿಷ್ಯ. 2006ರಲ್ಲಿ ಅಮೆರಿಕಾದ ಎಫ್‌ಸಿಸಿ ಬೆಹ್ರಿಂಗರ್ ಮೇಲೆ ಹತ್ತು ಲಕ್ಷ ಡಾಲರ್ ದಂಡದ ಕ್ರಮ ತಗೊಂಡಿದ್ದು ನಿಜ. ಆದ್ರೆ ಎಫ್‌ಸಿಸಿ ಅನ್ನೋದು ರೇಡಿಯೋ, ಟೆಲಿಫೋನ್ ವಿಷಯ ನೋಡ್ಕೊಳ್ಳೋ ಸಂಸ್ಥೆ. ಅಲ್ಲಿ ಡಿಜಿಟಲ್ ಸರ್ಕ್ಯೂಟ್ ಇರೋ ಯಾವ ಉಪಕರಣ ಆದ್ರೂ ಅಕ್ಕಪಕ್ಕದ ರೇಡಿಯೋಗೆ ತೊಂದ್ರೆ ಮಾಡಲ್ಲ ಅಂತ ಮೊದ್ಲೇ ಟೆಸ್ಟ್ ಮಾಡಿ ದಾಖಲೆ ಇಟ್ಕೊಂಡು ಆಮೇಲೆ ಮಾರಬೇಕು, ಇವರು ಸುಮಾರು 50 ಮಾಡೆಲ್‌ಗಳನ್ನ ಆ ಟೆಸ್ಟ್ ಇಲ್ದೆ ಮಾರಿದ್ರು ಅಂತ ಆರೋಪ. ತಪ್ಪೇ ಅದು. ಆದ್ರೆ ಮಾಲು ಬೇಗ ಕೆಡತ್ತೆ ಅನ್ನೋದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಪ್ಲಾಸ್ಟಿಕ್ ಡಬ್ಬ ಅನ್ನೋ ಹೆಸರು ಅದಕ್ಕಿಂತ ಹಳೇದು. ಉಲಿ ಬೆಹ್ರಿಂಗರ್ 1989ರಲ್ಲಿ ಜರ್ಮನಿಯ ವಿಲಿಷ್ ಅನ್ನೋ ಊರಲ್ಲಿ ಕಂಪನಿ ಶುರು ಮಾಡಿದ್ದು, ಆಮೇಲೆ ತಯಾರಿಕೆ ಚೀನಾಕ್ಕೆ ಹೋಯ್ತು, 2000ದ ದಶಕದ ಶುರುವಲ್ಲಿ ಝೋಂಗ್‌ಶಾನ್‌ನಲ್ಲಿ ಸ್ವಂತದ್ದೇ ದೊಡ್ಡ ಫ್ಯಾಕ್ಟರಿ ಬಂತು. ಬೇರೆಯವರ ಮಿಕ್ಸರ್ ನೋಡ್ಕೊಂಡು ಅದೇ ಥರದ್ದನ್ನ ಅರ್ಧ ರೇಟಿಗೆ ಮಾಡ್ತಾರೆ ಅನ್ನೋ ಸಿಟ್ಟು ಆ ಫೀಲ್ಡಲ್ಲಿ ತುಂಬಾ ಜನಕ್ಕಿತ್ತು, ಮಿಕ್ಸರ್ ಮಾಡೋ ಮ್ಯಾಕಿ ಕಂಪನಿ 1997ರಲ್ಲಿ ಕೋರ್ಟಿಗೂ ಹೋಯ್ತು, 1999ರಲ್ಲಿ ರಾಜಿ ಆಯ್ತು. ಅವತ್ತಿನ ಯೂರೋರ‍್ಯಾಕ್ ಮಿಕ್ಸರ್‌ಗಳು ನನ್ನ ಬೆಂಚಿಗೆ ರಾಶಿ ರಾಶಿ ಬಂದಿವೆ. ಅದ್ರಲ್ಲಿ ಏನು ಕೆಡ್ತಿತ್ತು ಅಂದ್ರೆ ಜ್ಯಾಕು, ಪಾಟು (ತಿರುಗಿಸೋ ಗುಬ್ಬಿ) ಎಲ್ಲಾ ನೇರವಾಗಿ ಪಿಸಿಬಿಗೆ, ಅಂದ್ರೆ ಸರ್ಕ್ಯೂಟ್ ಬೋರ್ಡಿಗೆ, ಬೆಸುಗೆ, ಮೇಲಿನ ತಗಡಿಗೆ ನಟ್ ಹಾಕಿ ಬಿಗಿದಿರಲ್ಲ, ಹಾಗಾಗಿ ಯಾರೋ ಕೇಬಲ್ ಎಡವಿದ್ರೆ ಆ ಎಳೆತ ಸೀದಾ ಬೆಸುಗೆ ಮೇಲೆ ಬೀಳ್ತಿತ್ತು, ಬಿರುಕು, ಆಮೇಲೆ ಕರಕರ, ಆಮೇಲೆ ಚಾನೆಲ್ ಬಂದ್. ಹೊರಗಿನ ಪವರ್ ಅಡಾಪ್ಟರ್‌ನ ಕನೆಕ್ಟರ್ ಬಿಸಿಯಾಗಿ ಕಪ್ಪಾಗೋದು ಇನ್ನೊಂದು. ಇದು ಬೆಹ್ರಿಂಗರ್ ಒಂದ್ರದ್ದೇ ಕಾಯಿಲೆ ಅಂತಲ್ಲ, ಆ ರೇಟಲ್ಲಿ ಬಂದ ಎಲ್ಲಾ ಬ್ರ್ಯಾಂಡಲ್ಲೂ ಇತ್ತು, ಇವರು ಜಾಸ್ತಿ ಮಾರಿದ್ರು, ಹಾಗಾಗಿ ರಿಪೇರಿಗೆ ಬಂದಿದ್ದೂ ಇವರದ್ದೇ ಜಾಸ್ತಿ. ನನ್ನಂಥವರ ಮಾತು ಕೇಳುವಾಗ ಇದೊಂದು ನೆನಪಿರ್ಲಿ, ನಾವು ದಿನಾ ನೋಡೋದು ಕೆಟ್ಟಿರೋದನ್ನೇ, ಹತ್ತು ವರ್ಷ ಸುಮ್ನೆ ಕೆಲ್ಸ ಮಾಡ್ತಿರೋ ಮಿಕ್ಸರ್ ನಮ್ಮ ಕಣ್ಣಿಗೆ ಬೀಳೋದೇ ಇಲ್ಲ.

ಅದೇ ಹೊತ್ತಿಗೆ ಬಂದ ಇನ್ನೆರಡು ತೊಂದ್ರೆ ಬಗ್ಗೆ ಮಾತಾಡೋರು ಕಮ್ಮಿ. 2000ದ ಆಸುಪಾಸಲ್ಲಿ ಕೆಟ್ಟ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಮಾರ್ಕೆಟ್ ತುಂಬಾ ಬಂದು ಕಂಪ್ಯೂಟರ್ ಮದರ್‌ಬೋರ್ಡ್, ಟಿವಿ ಎಲ್ಲಾ ಉಬ್ಬಿ ಹೋಗಿದ್ವು, ಆಡಿಯೋ ಸಾಮಾನಿನ ಪವರ್ ಸಪ್ಲೈಗಳಿಗೂ ಅದೇ ಗತಿ. ಆಮೇಲೆ 2006ರ ಜುಲೈನಿಂದ ಯುರೋಪಲ್ಲಿ ಸೀಸ ಇರೋ ಬೆಸುಗೆಗೆ ನಿಷೇಧ ಬಂತು, ಪ್ರಪಂಚಕ್ಕೆಲ್ಲ ಮಾಲು ಕಳಿಸೋ ಫ್ಯಾಕ್ಟರಿಗಳು ಸೀಸ ಇಲ್ಲದ ಬೆಸುಗೆಗೆ ಬದಲಾದ್ವು, ಆ ಹೊಸ ಬೆಸುಗೆ ಹೆಚ್ಚು ಬಿಸಿ ಕೇಳತ್ತೆ, ಶುರುವಿನ ಕೆಲವು ವರ್ಷ ಕೈ ಕೂತಿರ್ಲಿಲ್ಲ. ಅವತ್ತಿನ ಮಾಲು ನೋಡಿ ಹುಟ್ಟಿದ ಮಾತು ಇವತ್ತೂ ಓಡಾಡ್ತಿದೆ.

ಈಗ ಮಿಡಾಸ್. 1970ರ ದಶಕದಲ್ಲಿ ಇಂಗ್ಲೆಂಡಲ್ಲಿ ಶುರುವಾದ ಕಂಪನಿ, ಎಕ್ಸ್ಎಲ್4, ಹೆರಿಟೇಜ್ 3000 ಥರದ ಬೋರ್ಡುಗಳನ್ನ (ದೊಡ್ಡ ಮಿಕ್ಸರ್‌ಗಳನ್ನ) ದೊಡ್ಡ ದೊಡ್ಡ ಬ್ಯಾಂಡಿನವರು ಪ್ರಪಂಚ ಸುತ್ತಿಸಿದಾರೆ. 2009ರ ಕೊನೆಗೆ ಮಿಡಾಸ್ ಮತ್ತು ಅದರ ಜೋಡಿ ಆಡಿಯೋ ಕಂಪನಿ ಕ್ಲಾರ್ಕ್ ಟೆಕ್ನಿಕ್ ಎರಡನ್ನೂ ಬೆಹ್ರಿಂಗರ್ ಗುಂಪು ಬಾಷ್ ಕೈಯಿಂದ ಕೊಂಡ್ಕೊಳ್ತು. ಹೌದು, ಡ್ರಿಲ್ ಮಷೀನ್ ಮಾಡ್ತಾರಲ್ಲ ಅದೇ ಬಾಷ್. ಅದಕ್ಕೂ ಮುಂಚೆ ಅದು ಟೆಲೆಕ್ಸ್ ಹತ್ರ ಇತ್ತು, ಅದಕ್ಕೂ ಮುಂಚೆ ಮಾರ್ಕ್ ಫೋರ್ ಅನ್ನೋ ಗುಂಪಲ್ಲಿ. ಅಂದ್ರೆ ಜನ ಈಗಲೂ ಕಣ್ಣಿಗೊತ್ಕೊಳ್ಳೋ ಎಕ್ಸ್ಎಲ್4 ತಯಾರಾಗುವಾಗಲೇ ಮಿಡಾಸ್ ಯಾರದ್ದೋ ದೊಡ್ಡ ಗುಂಪಿನ ಕೈಯಲ್ಲಿತ್ತು. 'ಮಾರಾಟ ಆಯ್ತು, ಹಾಳಾಯ್ತು' ಅನ್ನೋ ಲೆಕ್ಕ ಇಲ್ಲೇ ತಪ್ಪತ್ತೆ.

ಆಮೇಲೆ ಇದೇ ಗುಂಪು 2012ರಲ್ಲಿ ಟರ್ಬೋಸೌಂಡ್, 2015ರಲ್ಲಿ ಟಿಸಿ ಗ್ರೂಪ್ ಇಡಿಯಾಗಿ ತಗೊಳ್ತು, ಅದರ ಜೊತೆ ಟಿಸಿ ಎಲೆಕ್ಟ್ರಾನಿಕ್, ಟಿಸಿ ಹೆಲಿಕಾನ್, ಟ್ಯಾನಾಯ್, ಲ್ಯಾಬ್ ಗ್ರೂಪೆನ್ ಎಲ್ಲಾ ಬಂತು. ಆಮೇಲೆ ಗುಂಪಿಗೆ ಮ್ಯೂಸಿಕ್ ಟ್ರೈಬ್ ಅಂತ ಹೆಸರು ಬಂತು.

ಎಕ್ಸ್32 ಬಂದಿದ್ದು 2012ರಲ್ಲಿ, ಮಿಡಾಸ್ ಕೈಗೆ ಬಂದು ಎರಡು ವರ್ಷ ಕಳೆದ ಮೇಲೆ. 32 ಮೈಕ್ ಇನ್‌ಪುಟ್, 25 ಮೋಟರ್ ಫೇಡರ್ (ತಾನಾಗೇ ಸರಿಯೋ ಲೆವೆಲ್ ಗುಬ್ಬಿ), ಸ್ಟೇಜ್ ಬಾಕ್ಸಿಗೆ (ಸ್ಟೇಜ್ ಮೇಲಿಟ್ಟು ಮೈಕ್ ಸಿಕ್ಕಿಸೋ ಡಬ್ಬ) ಎಇಎಸ್50 ಅನ್ನೋ ಲಿಂಕು, ಆ ಲಿಂಕಿನ ತಂತ್ರ ಕ್ಲಾರ್ಕ್ ಟೆಕ್ನಿಕ್ ಕಡೆಯಿಂದ ಬಂದಿದ್ದು. ಮುಂದೆ 2014ರಲ್ಲಿ ಮಿಡಾಸ್ ಹೆಸರಲ್ಲೇ ಎಂ32 ಬಂತು. ಎರಡರ ಮೆದುಳು ಹೆಚ್ಚುಕಮ್ಮಿ ಒಂದೇ, ಒಂದರ ಸೀನ್ ಫೈಲ್ (ಸೇವ್ ಮಾಡಿದ ಸೆಟ್ಟಿಂಗ್) ಇನ್ನೊಂದಕ್ಕೆ ಹಾಕಬಹುದು. ಆದ್ರೆ ಎಕ್ಸ್32 ಮೇಲೆ ಬರೆದಿರೋದು 'ಮಿಡಾಸ್ ಡಿಸೈನ್ ಮಾಡಿದ' ಪ್ರಿಆಂಪ್ (ಮೈಕಿನ ಸಣ್ಣ ಸಿಗ್ನಲ್ ದೊಡ್ಡದು ಮಾಡೋ ಭಾಗ) ಅಂತ, ಎಂ32ರಲ್ಲಿ ಮಿಡಾಸ್ ಪ್ರೊ ಸೀರೀಸಿನ ಪ್ರಿಆಂಪ್ ಮತ್ತೆ ಗಟ್ಟಿ ಫೇಡರ್, ಗಟ್ಟಿ ಮೈಕಟ್ಟು. ನಿಮ್ಮ ಎರಡನೇ ಗೆಳೆಯರು 'ಒಳಗಡೆ ಮಿಡಾಸೇ' ಅಂದಿದ್ದು ಅಷ್ಟರಮಟ್ಟಿಗೆ ಮಾತ್ರ ನಿಜ, ಮಿಡಾಸಿನ ಇಂಜಿನಿಯರ್‌ಗಳ ಕೈ ತಾಗಿದೆ, ಆದ್ರೆ ಬೆಹ್ರಿಂಗರ್ ರೇಟಿಗೆ ತಕ್ಕ ಹಾಗೆ ಪಾರ್ಟ್ಸ್ ಹಾಕಿದಾರೆ. ಚಂಡೆ ಮದ್ದಳೆ ಬಡೀತಿರುವಾಗ, ಹಿಂದೆ ಜನರೇಟರ್ ಗುಡುಗ್ತಿರುವಾಗ ಎರಡು ಪ್ರಿಆಂಪಿನ ವ್ಯತ್ಯಾಸ ಯಾರ ಕಿವಿಗೂ ಬೀಳಲ್ಲ. ಫೇಡರ್‌ನಲ್ಲಿ ಮಾತ್ರ ವ್ಯತ್ಯಾಸ ಗೊತ್ತಾಗತ್ತೆ, ಅದಕ್ಕೆ ಆಮೇಲೆ ಬರ್ತೀನಿ.

ನನ್ನ ಅಭಿಪ್ರಾಯ ಕೇಳಿದ್ರೆ ಈ ಕೊಳ್ಳಾಟದಿಂದ ಬೆಹ್ರಿಂಗರ್ ಮಿಕ್ಸರ್ ಸುಧಾರಿಸಿದೆ. ಎಕ್ಸ್32ಗೆ ವರ್ಷಗಟ್ಟಲೆ ಫ್ರೀ ಅಪ್‌ಡೇಟ್ ಕೊಟ್ರು, 4.0ರಲ್ಲಿ ಒಂದೊಂದೇ ಚಾನೆಲ್ ಬೇಕಾದ ಕಡೆ ರೌಟ್ ಮಾಡೋ ಸೌಲಭ್ಯ ಬಂತು, ಹಳೇ ಬೋರ್ಡ್ ತಗೊಂಡವ್ರಿಗೂ ಸಿಕ್ತು. ಆ ರೇಟಲ್ಲಿ ಅಷ್ಟು ದಿನ ಒಂದು ಬೋರ್ಡನ್ನ ಕೈಬಿಡದೆ ನಡೆಸಿದ್ದು ಸಣ್ಣ ಮಾತಲ್ಲ. ಅದೇ ಟಿಸಿ ಎಲೆಕ್ಟ್ರಾನಿಕ್ ಕಡೆ ನೋಡಿದ್ರೆ ನಂಗೆ ಬೇಜಾರಿದೆ, 1976ರಿಂದ ಡೆನ್ಮಾರ್ಕಿನಲ್ಲಿ ಸ್ಟುಡಿಯೋ ರಿವರ್ಬ್‌ಗೆ ಹೆಸರಾದ ಕಂಪನಿ, ಗುಂಪಿಗೆ ಸೇರಿದ ಮೇಲೆ ಆ ಹೆಸರಲ್ಲೇ ತುಂಬಾ ಅಗ್ಗದ ಪೆಡಲ್‌ಗಳೂ ಬಂದ್ವು, ಪೆಡಲ್ ಕೆಟ್ಟದ್ದಲ್ಲ, ಆದ್ರೆ ಆ ಹೆಸರು ಕಂಡ್ರೆ ಕಣ್ಮುಚ್ಚಿ ತಗೋತಿದ್ದ ಕಾಲ ಹೋಯ್ತು. ಒಂದೇ ಯಜಮಾನ, ಒಂದು ಬ್ರ್ಯಾಂಡ್ ಮೇಲೆ ಹೋಯ್ತು, ಇನ್ನೊಂದರ ಹೆಸರು ಕೆಳಗಿಳೀತು.

ಹೆಸರು ಬೀಳೋದೂ ಮಾಲು ಕೆಡೋದೂ ಒಂದೇ ದಿನ ಆಗಲ್ಲ ಅನ್ನೋದಕ್ಕೆ ಹಳೇ ಉದಾಹರಣೆ ಗಿಟಾರ್ ಮಾಡೋ ಫೆಂಡರ್. 1965ರ ಜನವರಿಯಲ್ಲಿ ಸಿಬಿಎಸ್ ಅನ್ನೋ ಟಿವಿ, ರೇಡಿಯೋ ಕಂಪನಿ 1.3 ಕೋಟಿ ಡಾಲರಿಗೆ ಫೆಂಡರ್ ಕೊಂಡ್ಕೊಳ್ತು. ಇವತ್ತೂ ಗಿಟಾರ್ ಸಂಗ್ರಹ ಮಾಡೋರು 'ಸಿಬಿಎಸ್‌ಗಿಂತ ಮುಂಚಿನದು' ಅಂತ ಹೇಳಿ ರೇಟ್ ಏರಿಸ್ತಾರೆ. ಆದ್ರೆ 65ರಲ್ಲಿ ಅದೇ ಜನ, ಅದೇ ಮಷೀನು, ಅದೇ ಮರ. ಜನ ಬೈಯೋ ಬದಲಾವಣೆಗಳು, ದಪ್ಪ ಪಾಲಿಯೆಸ್ಟರ್ ಪೇಂಟು, ಕುತ್ತಿಗೆಗೆ ನಾಲ್ಕು ಬದಲು ಮೂರು ಬೋಲ್ಟು, ಇವೆಲ್ಲ 60ರ ದಶಕದ ಕೊನೆ, 70ರ ಶುರುವಲ್ಲಿ ಬಂದಿದ್ದು. 1985ರಲ್ಲಿ ಅಲ್ಲಿ ಕೆಲ್ಸ ಮಾಡ್ತಿದ್ದ ಮ್ಯಾನೇಜರ್‌ಗಳೇ ವಾಪಸ್ ಕೊಂಡ್ಕೊಂಡಾಗ ಜನರಿಗೆ ಖುಷಿ, ಆದ್ರೆ ಅವರ ಕೈಗೆ ಹಳೇ ಫುಲರ್ಟನ್ ಫ್ಯಾಕ್ಟರಿ ಬರ್ಲೇ ಇಲ್ಲ, ಜಪಾನಿನ ಗಿಟಾರ್ ಮಾರ್ಕೊಂಡು ಕೊರೋನಾ ಅನ್ನೋ ಊರಲ್ಲಿ ಹೊಸದಾಗಿ ಶುರು ಮಾಡ್ಬೇಕಾಯ್ತು. ಒಳ್ಳೇ ಕಡೆಗೆ ಉದಾಹರಣೆ ಬೇಕಾದ್ರೆ ಗಿಟಾರ್ ಎಫೆಕ್ಟ್ ಮಾಡೋ ಲೈನ್ 6 ಇದೆ, ಯಮಹಾ 2014ರ ಹೊತ್ತಿಗೆ ತಗೊಳ್ತು, 2015ರಲ್ಲಿ ಹೀಲಿಕ್ಸ್ ಬಂತು, ಅದು ಆ ಕಂಪನಿಯ ಅತಿ ಒಳ್ಳೇ ಪ್ರೊಸೆಸರ್ ಅಂತ ನನ್ನ ಲೆಕ್ಕ.

ಬೆಹ್ರಿಂಗರ್ ಬೇಡ, ಮಾರಾಟ ಆಗದೇ ಇರೋ ಕಂಪನಿದು ತಗೋತೀನಿ ಅಂದ್ರೆ ಸಿಗೋದು ಕಷ್ಟ. ಸೌಂಡ್‌ಕ್ರಾಫ್ಟ್ ಹರ್ಮನ್ ಗುಂಪಿಂದು, ಹರ್ಮನ್ 2017ರಿಂದ ಸ್ಯಾಮ್‌ಸಂಗ್‌ದು. ಆಲನ್ ಅಂಡ್ ಹೀತ್ ಹರ್ಮನ್ ಕೈಲೂ ಇತ್ತು, ಸ್ವಂತದ್ದೂ ಆಗಿತ್ತು, ಮತ್ತೆ ಮಾರಾಟ ಆಯ್ತು, ಈಗ ಆಡಿಯೋಟಾನಿಕ್ಸ್ ಗುಂಪಲ್ಲಿದೆ, ಆದ್ರೂ ಅವರ ಬೋರ್ಡಿಗೆ ಹೆಸರು ಕೆಟ್ಟಿಲ್ಲ. ಮ್ಯಾಕಿಯನ್ನ 2023ರಲ್ಲಿ 'ರೋಡ್' ಅನ್ನೋ ಮೈಕ್ ಕಂಪನಿಯವರು ತಗೊಂಡ್ರು. ಯಮಹಾ ಒಂದು ಕೊಳ್ಳೋ ಕಡೆಗಿದೆ, ಅಷ್ಟೇ.

ಹಾಗಾದ್ರೆ ಕೈ ಬದಲಾದಾಗ ನಿಮಗೆ ನಿಜವಾಗ್ಲೂ ಎಲ್ಲಿ ಪೆಟ್ಟು ಬೀಳತ್ತೆ ಅಂದ್ರೆ, ನಾನು ನೋಡಿರೋ ಹಾಗೆ ಸರ್ವೀಸಲ್ಲಿ. ಮೇಲೆ ಯಜಮಾನ ಬದಲಾದ್ರೆ ಎಷ್ಟೋ ಸಲ ನಮ್ಮ ದೇಶಕ್ಕೆ ತರಿಸೋ ಇಂಪೋರ್ಟರ್ ಬದಲಾಗ್ತಾನೆ. ಹಳಬ ತನ್ನ ಹತ್ರ ಇದ್ದ ಸ್ಪೇರ್ ಮಾರಿ ಕೈತೊಳ್ಕೋತಾನೆ, ಹೊಸಬ 'ಇದು ನಾವು ಮಾರಿದ್ದಲ್ಲ' ಅಂತಾನೆ. ನನ್ನ ಬೆಂಚಲ್ಲೇ ಒಂದು ಒಳ್ಳೇ ಕಂಪನಿಯ ಮಿಕ್ಸರ್, ಹೆಸರು ಬೇಡ, ಏಳು ತಿಂಗಳು ಕೂತಿತ್ತು. ಬೇಕಾಗಿದ್ದು ಒಂದು ಡಿಸ್ಪ್ಲೇ ಬೋರ್ಡ್. ಮಾಲೀಕ ಚರ್ಚಿನವರು, ಪಾಪ ಪ್ರತಿ ಶನಿವಾರ ಫೋನ್ ಮಾಡೋರು. ಹಳೇ ಇಂಪೋರ್ಟರ್ ಕೈಬಿಟ್ಟಿದ್ದ, ಹೊಸಬರ ಲಿಸ್ಟಲ್ಲಿ ಆ ಮಾಡೆಲ್ಲೇ ಇರ್ಲಿಲ್ಲ, ಕೊನೆಗೆ ಕೆಟ್ಟ ಇನ್ನೊಂದು ಮಿಕ್ಸರ್ ಹುಡುಕಿ ಅದರಿಂದ ಕಿತ್ತು ಹಾಕಿದೆ. ಮೊದಲೆಲ್ಲಾ ಸರ್ಕ್ಯೂಟ್ ಡಯಾಗ್ರಂ ಸಿಗ್ತಿತ್ತು, ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ಐಸಿ ತಂದು ಹಾಕ್ತಿದ್ವಿ. ಈಗಿನ ಡಿಜಿಟಲ್ ಬೋರ್ಡುಗಳಲ್ಲಿ ಸಣ್ಣ ಐಸಿ ಹೋದ್ರೂ ಇಡೀ ಕಾರ್ಡ್ ಬದಲಾಯಿಸಿ ಅನ್ನೋದು ಎಲ್ಲಾ ಕಂಪನಿ ಪದ್ಧತಿ, ಕಾರ್ಡ್ ಸಿಗದಿದ್ರೆ ಮುಗೀತು. ಹಾಗಾಗಿ ಅಂಗಡಿಯಲ್ಲಿ ನೀವು ಕೇಳಬೇಕಾಗಿದ್ದು ಇಷ್ಟು, ಈ ಮಾಡೆಲ್‌ನ ಪವರ್ ಸಪ್ಲೈ ಈಗ ಸ್ಟಾಕಲ್ಲಿ ಇದೆಯಾ, ಫೇಡರ್ ಬಿಡಿಯಾಗಿ ಸಿಗತ್ತಾ, ರಿಪೇರಿ ಯಾವ ಊರಲ್ಲಿ ಆಗತ್ತೆ, ವಾರಂಟಿ ಕಾರ್ಡ್ ಮೇಲೆ ಯಾರ ಸೀಲು. ಈ ವಿಷಯದಲ್ಲಿ ಎಕ್ಸ್32ಗೆ ಒಂದು ಅನುಕೂಲ ಇದೆ, ಅದು ಎಷ್ಟು ಮಾರಾಟ ಆಗಿದೆ ಅಂದ್ರೆ ಕಳಚಿ ಮಾರೋ ಬೋರ್ಡುಗಳೂ ಸಿಗ್ತವೆ, ಕೈ ಹಾಕಿ ಗೊತ್ತಿರೋ ಮೆಕ್ಯಾನಿಕ್ಕೂ ಸಿಗ್ತಾರೆ.

ಇನ್ನು ಬ್ರ್ಯಾಂಡಿಗಿಂತ ಜಾಸ್ತಿ ಮಿಕ್ಸರ್ ಕೊಲ್ಲೋ ಎರಡು ವಿಷಯ ನಿಮ್ಮ ಕೆಲಸದಲ್ಲೇ ಇವೆ, ದಯವಿಟ್ಟು ಇದನ್ನ ಗಮನ ಇಟ್ಟು ಓದಿ.

ಒಂದು ನ್ಯೂಟ್ರಲ್. ಮೈದಾನದಲ್ಲಿ ತ್ರೀ ಫೇಸ್ ಜನರೇಟರ್, ಒಂದು ಫೇಸಲ್ಲಿ ಲೈಟು, ಇನ್ನೊಂದ್ರಲ್ಲಿ ಸೌಂಡು. ಫೇಸಿಗೂ ನ್ಯೂಟ್ರಲ್ಲಿಗೂ 230, ಫೇಸಿಗೂ ಫೇಸಿಗೂ ಸುಮಾರು 400 ವೋಲ್ಟ್. ನ್ಯೂಟ್ರಲ್ ವೈರ್ ಲೂಸ್ ಆಯ್ತು ಅಂದ್ಕೊಳ್ಳಿ, ಆಗ ಲೈಟೂ ಸೌಂಡೂ ಸಾಲಾಗಿ ಸೇರಿ ಆ 400ನ ಹಂಚ್ಕೋತವೆ, ಕಮ್ಮಿ ಲೋಡ್ ಇರೋ ಕಡೆಗೆ ಜಾಸ್ತಿ ವೋಲ್ಟೇಜ್ ಹೋಗತ್ತೆ, ಮಿಕ್ಸರ್ ಅಂದ್ರೆ ಕಮ್ಮಿ ಲೋಡೇ. ಮಿಕ್ಸರ್ ಒಳಗಿನ ಪವರ್ ಸಪ್ಲೈ, ಅಂದ್ರೆ ಎಸ್‌ಎಂಪಿಎಸ್ ಬಂದ ಎಸಿಯನ್ನ ಡಿಸಿ ಮಾಡುವಾಗ ಅದು 1.41 ಪಟ್ಟು ಆಗತ್ತೆ, 230ಕ್ಕೆ ಸುಮಾರು 325, ಅಲ್ಲಿ ಸಾಮಾನ್ಯವಾಗಿ 400 ವೋಲ್ಟಿನ ಕೆಪಾಸಿಟರ್ ಇರತ್ತೆ. ಒಳಗೆ 320 ಬಂದ್ರೆ 450 ದಾಟತ್ತೆ, ಕೆಪಾಸಿಟರ್ ಢಮಾರ್. ಜರ್ಮನಿದೇ ಇರ್ಲಿ, ಚೀನಾದ್ದೇ ಇರ್ಲಿ, ಇದಕ್ಕೆ ಯಾವುದೂ ತಡೆಯಲ್ಲ. ನನ್ನ ಹತ್ರ 'ಪವರ್ ಹೋಗಿದೆ, ಕಂಪನಿ ಕಳಪೆ' ಅಂತ ಬರೋದ್ರಲ್ಲಿ ಬಹಳಷ್ಟು ಹೀಗೆ ಸತ್ತಿರೋದು. ಒಂದು ಓವರ್‌ವೋಲ್ಟೇಜ್ ಕಟ್‌ಆಫ್, ಅದಾದ್ಮೇಲೆ ಆನ್‌ಲೈನ್ ಯುಪಿಎಸ್, ಮಿಕ್ಸರಿಗೂ ಸ್ಟೇಜ್ ಬಾಕ್ಸಿಗೂ ಸಾಕು. ಮತ್ತೆ ಹಮ್ಮಿಂಗ್ ಬರತ್ತೆ ಅಂತ ಅರ್ಥ್ ಪಿನ್ ಮುರಿಯೋ ಅಭ್ಯಾಸ ಇದ್ರೆ ಇವತ್ತೇ ಬಿಟ್ಬಿಡಿ, ಒದ್ದೆ ನೆಲದ ಮೇಲೆ ನಿಂತು ಮೈಕ್ ಹಿಡಿಯೋ ಭಾಗವತರ ಜೀವದ ಪ್ರಶ್ನೆ ಅದು, ಹಮ್ಮಿಗೆ ಡಿಐ ಬಾಕ್ಸ್ (ಸಿಗ್ನಲ್ ದಾರಿ ಬೇರ್ಪಡಿಸೋ ಸಣ್ಣ ಡಬ್ಬ) ಹಾಕಿ.

ಇನ್ನೊಂದು ನಿಮ್ಮ ಕಡಲ ಗಾಳಿ. ಕರಾವಳಿಯ ಉಪ್ಪು ತೇವ ರಿಬ್ಬನ್ ಕೇಬಲಿನ ಪಿನ್ನು, ಫೇಡರ್ ಟ್ರ್ಯಾಕು, ಜ್ಯಾಕು ಎಲ್ಲಾದಕ್ಕೂ ಹಸಿರು ಹಿಡಿಸತ್ತೆ. ಆರ್ಕೆಸ್ಟ್ರಾದವರ ಸ್ಮೋಕ್ ಮಷೀನಿನ ಎಣ್ಣೆ ಪದರ ಬೇರೆ, ಫ್ಯಾನ್ ಎಳ್ಕೊಂಡು ಒಳಗೆ ಕೂರಿಸತ್ತೆ, ಅದರ ಮೇಲೆ ಧೂಳು. ಮಳೆಗಾಲದ ನಾಲ್ಕು ತಿಂಗಳು ಕೇಸ್ ಮುಚ್ಚಿ ಅಟ್ಟದ ಮೇಲೆ ಇಟ್ಟು ನವೆಂಬರಲ್ಲಿ ತೆಗೆದ್ರೆ ನಾಲ್ಕು ಚಾನೆಲ್ ಸಾಯೋದು ಆಶ್ಚರ್ಯ ಅಲ್ಲ. ವಾರಕ್ಕೊಂದು ಸಲ ಒಂದು ಗಂಟೆ ಆನ್ ಮಾಡಿಡಿ, ಒಳಗಿನ ಬಿಸಿಗೆ ತೇವ ಆರತ್ತೆ, ಕೇಸಲ್ಲಿ ಸಿಲಿಕಾ ಜೆಲ್ ಇಡಿ. ಮೋಟರ್ ಫೇಡರ್ ಇರೋ ಬೋರ್ಡಿಗೆ ಈ ತೇವ, ಧೂಳು ಇನ್ನೂ ಕೆಟ್ಟದ್ದು, ಯಾಕಂದ್ರೆ ಅಲ್ಲಿ ಟ್ರ್ಯಾಕಿನ ಜೊತೆ ಬೆಲ್ಟೂ ಮೋಟರೂ ಇದೆ. ಎಕ್ಸ್32ಗೂ ಎಂ32ಗೂ ನಾನು ವ್ಯತ್ಯಾಸ ಕಾಣೋದು ಇಲ್ಲೇ, ಎಂ32ರ ಫೇಡರ್ ಗಟ್ಟಿ ಅಂದೆನಲ್ಲ.

ಈಗ ನಿಮ್ಮ ಮುಂದೆ ಇರೋ ದಾರಿಗಳು.

ಹುಬ್ಬಳ್ಳಿಯ ಎಕ್ಸ್32. ಹತ್ತು ವರ್ಷ ದಾಟಿದ ಬೋರ್ಡು, ಪವರ್ ಸಪ್ಲೈ ಕೆಪಾಸಿಟರುಗಳ ಆಯಸ್ಸು ಮುಗೀತಾ ಬಂದಿರತ್ತೆ ಅಂತಲೇ ಲೆಕ್ಕ ಹಾಕಿ, ಆ ಖರ್ಚು, ಎರಡು ಮೂರು ಫೇಡರಿನ ಖರ್ಚು ರೇಟಲ್ಲಿ ಇಳಿಸಿ ಮಾತಾಡಿ. ಹತ್ತು ನಿಮಿಷ ನೋಡಿ ಬರಬೇಡಿ, ಕನಿಷ್ಠ ಎರಡು ಮೂರು ಗಂಟೆ ಆನ್ ಇಡಿಸಿ, ಕೆಲವು ದೋಷ ಬಿಸಿಯಾದ ಮೇಲೇ ತೋರ್ಸತ್ತೆ. ಒಂದೇ ಮೈಕು ಒಂದೇ ಕೇಬಲು ಹಿಡ್ಕೊಂಡು 32 ಇನ್‌ಪುಟ್ಟಿಗೂ ಹಾಕಿ ಒಂದೇ ಗೇನಲ್ಲಿ ಒಂದೇ ಲೆವೆಲ್ ಬರತ್ತಾ ನೋಡಿ. ಮೈಕ್ ತೆಗೆದು ಫ್ಯಾಂಟಮ್ (ಮೈಕಿಗೆ ಮಿಕ್ಸರ್ ಕೊಡೋ 48 ವೋಲ್ಟ್) ಆನ್ ಮಾಡಿ ಮಲ್ಟಿಮೀಟರಲ್ಲಿ ಪಿನ್ 1 ಮತ್ತೆ 2ರ ಮಧ್ಯ, ಆಮೇಲೆ 1 ಮತ್ತೆ 3ರ ಮಧ್ಯ ಅಳೀರಿ, ಎರಡೂ ಕಡೆ 48ರ ಆಸುಪಾಸು ಬರಬೇಕು. ಎಲ್ಲಾ ಫೇಡರ್ ಮೇಲಿರೋ ಒಂದು ಸೀನು, ಎಲ್ಲಾ ಕೆಳಗಿರೋ ಇನ್ನೊಂದು ಸೀನು ಸೇವ್ ಮಾಡಿ ಹತ್ತಿಪ್ಪತ್ತು ಸಲ ಅದಲುಬದಲು ಮಾಡಿ, ಯಾವ ಫೇಡರ್ ಮಧ್ಯ ನಿಲ್ಲತ್ತೆ, ನಡುಗತ್ತೆ ಗೊತ್ತಾಗತ್ತೆ. ಎಇಎಸ್50ಯ ಎರಡೂ ಪೋರ್ಟಿಗೆ ಸ್ಟೇಜ್ ಬಾಕ್ಸ್ ಹಾಕಿಯೇ ನೋಡಬೇಕು, ಅದಕ್ಕೆ ಎರಡೂ ತುದಿಗೆ ಲೋಹದ ಶೆಲ್ ಇರೋ ಶೀಲ್ಡೆಡ್ ಕೇಬಲ್ ಬೇಕು, ಆಫೀಸಲ್ಲಿ ಹಾಕೋ ಮಾಮೂಲಿ ಲ್ಯಾನ್ ಕೇಬಲ್ ಹಾಕಿದ್ರೆ ಸ್ಟ್ಯಾಟಿಕ್ ಕರೆಂಟಿಗೆ ಮಧ್ಯ ಮಧ್ಯ ಸೌಂಡ್ ಕಟ್ ಆಗತ್ತೆ, ಆಮೇಲೆ ಜನ ಬೋರ್ಡಿಗೆ ಬೈತಾರೆ. ಹಿಂದೆ ತಗಡು ಬಿಚ್ಚೋಕೆ ಮಾಲೀಕರು ಒಪ್ಪಿದ್ರೆ ಒಳಗೆ ಉಪ್ಪು, ಎಣ್ಣೆ, ಬದಲಾಯಿಸಿದ ಪವರ್ ಸಪ್ಲೈ ಇದೆಯಾ ನೋಡಿ. ಒಪ್ಪಲ್ಲ ಅಂದ್ರೆ ವಾಪಸ್ ಬನ್ನಿ.

ಎರಡನೇದು, ಅದೇ ಬೆಹ್ರಿಂಗರಿನ ಎಕ್ಸ್ಆರ್18 ಹೊಸದು, ವಾರಂಟಿ ಜೊತೆ. ಇದಕ್ಕೆ ಫೇಡರೇ ಇಲ್ಲ, ಟ್ಯಾಬ್ಲೆಟ್ಟೋ ಲ್ಯಾಪ್‌ಟಾಪೋ ಇಟ್ಕೊಂಡು ನಡೆಸೋದು, 16 ಮೈಕ್ ಇನ್‌ಪುಟ್, ಆರು ಆಕ್ಸ್ (ಸ್ಟೇಜ್ ಮಾನಿಟರ್ ಥರದ್ದಕ್ಕೆ ಬೇರೆ ಔಟ್‌ಪುಟ್). ಯಕ್ಷಗಾನಕ್ಕೆ ಲೆಕ್ಕ ಹಾಕಿ, ಭಾಗವತರಿಗೆ ಒಂದೋ ಎರಡೋ, ಮದ್ದಳೆಗೆ ಎರಡು, ಚಂಡೆಗೆ ಒಂದು, ಶ್ರುತಿಗೆ ಒಂದು, ರಂಗದ ಮೇಲೆ ಮೂರು ನಾಲ್ಕು, ಒಟ್ಟು ಹತ್ತು ದಾಟಲ್ಲ. ಸ್ಟೇಜ್ ಮೇಲೇ ಇಡಬಹುದಾದ್ರಿಂದ ಸ್ಟೇಜಿಂದ ಮಿಕ್ಸರ್ ತನಕ ಸ್ನೇಕ್ ಕೇಬಲ್ ಎಳೆಯೋ ಕೆಲಸ ಉಳಿಯತ್ತೆ, ಕೆಡೋಕೆ ಮೋಟರೂ ಇಲ್ಲ. ಅಪಾಯ ಎಲ್ಲಿದೆ ಅಂದ್ರೆ ಅದರ ಒಳಗಿನ ವೈಫೈ. ಎರಡು ಸಾವಿರ ಜನರ ಜೇಬಲ್ಲಿ ಮೊಬೈಲ್ ಇರೋ ಜಾಗದಲ್ಲಿ ಅದನ್ನ ನಂಬಲೇಬೇಡಿ. ಒಂದು ಒಳ್ಳೇ 5 ಗಿಗಾಹರ್ಟ್ಸ್ ರೌಟರನ್ನ ಕೇಬಲ್ಲಲ್ಲಿ ಹಾಕಿ, ಜೊತೆಗೆ ಒಂದು ಲ್ಯಾಪ್‌ಟಾಪ್ ಸದಾ ನೇರ ಕೇಬಲ್ಲಲ್ಲಿ ಇರ್ಲಿ. ಟ್ಯಾಬ್ಲೆಟ್ ಸತ್ರೂ ಮಿಕ್ಸರ್ ಒಳಗಡೆ ಸೌಂಡ್ ಹಾಗೇ ನಡೀತಿರತ್ತೆ, ಅದರ ಬಗ್ಗೆ ಹೆದರಿಕೆ ಬೇಡ, ಆದ್ರೆ ಮೈಕ್ ಕೂಗಿದಾಗ ತಕ್ಷಣ ಇಳಿಸೋಕೆ ಕೈಗೆ ಏನಾದ್ರೂ ಸಿಗಬೇಕಲ್ಲ. ಆರ್ಕೆಸ್ಟ್ರಾದಲ್ಲಿ ಮಾತ್ರ ಇಕ್ಕಟ್ಟು, ಎರಡು ಕೀಬೋರ್ಡು, ಪ್ಯಾಡು, ತಬಲಾ, ಢೋಲಕ್, ಬೇಸು, ಗಿಟಾರು, ಐದು ಗಾಯಕರು, ಪ್ರತಿ ಕೀಬೋರ್ಡಿಗೂ, ಪ್ಯಾಡಿಗೂ, ತಬಲಾಗೂ ಎರಡೆರಡು ಲೈನ್ ಹಿಡಿದ್ರೆ 16 ಭರ್ತಿ.

ಮೂರನೇದು ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ. ಹಳೇ ಅನಲಾಗ್ ಮಿಕ್ಸರನ್ನ ಗುಜರಿಗೆ ಹಾಕ್ಬೇಡಿ. ಸತ್ತಿರೋ ನಾಲ್ಕೂ ಚಾನೆಲ್ ಪಕ್ಕ ಪಕ್ಕದಲ್ಲಿದ್ರೆ ಅದು ಹೆಚ್ಚಾಗಿ ರಿಬ್ಬನ್ ಕೇಬಲ್ಲೋ ಪವರ್ ಹಂಚೋ ಪಿನ್ನೋ ಇರತ್ತೆ, ಚದುರಿದ್ರೆ ಜ್ಯಾಕಿನ ಬೆಸುಗೆ ಬಿರುಕು ಇಲ್ಲಾಂದ್ರೆ 4580 ಥರದ ಸಣ್ಣ ಐಸಿ, ಅಂದ್ರೆ ಆಪ್‌ಆಂಪ್, ಎರಡೂ ದೊಡ್ಡ ಖರ್ಚಿನ ಕೆಲಸ ಅಲ್ಲ, ಬೆಸುಗೆ ಗೊತ್ತಿರೋ ಯಾರಾದ್ರೂ ಮಾಡ್ತಾರೆ. ಹೊಸ ಎಂ32 ನಿಮ್ಮ ಎರಡು ಲಕ್ಷಕ್ಕೆ ಬರಲ್ಲ, ಸಾಲ ಮಾಡಿ ತಗೊಳ್ಳೋ ಅಗತ್ಯ ನಿಮ್ಮ ಕೆಲಸಕ್ಕೆ ನಂಗೆ ಕಾಣ್ತಿಲ್ಲ.

ನಾನು ನಿಮ್ಮ ಜಾಗದಲ್ಲಿದ್ರೆ ಹೊಸ ಎಕ್ಸ್ಆರ್18 ತಗೊಂಡು, ಹಳೇ ಮಿಕ್ಸರ್ ರಿಪೇರಿ ಮಾಡಿಸಿ ಪ್ರತಿ ಆಟಕ್ಕೂ ಗಾಡಿಯಲ್ಲಿ ಇಟ್ಕೊಂಡು, ಉಳಿದ ದುಡ್ಡಲ್ಲಿ ಯುಪಿಎಸ್ಸು, ರೌಟರು, ಒಳ್ಳೇ ಕೇಬಲ್ಲು ಮಾಡ್ತಿದ್ದೆ. ವರ್ಷಕ್ಕೆ ಏಳೆಂಟು ಆರ್ಕೆಸ್ಟ್ರಾಕ್ಕೆ ಕೀಬೋರ್ಡುಗಳನ್ನ ಹಳೇ ಮಿಕ್ಸರಲ್ಲಿ ಒಟ್ಟು ಮಾಡಿ ಎರಡು ಲೈನ್ ಮಾಡ್ಕೊಂಡು ತಂದ್ರೆ ಆಗತ್ತೆ. ಆರ್ಕೆಸ್ಟ್ರಾ ಸಂಖ್ಯೆ ಇಪ್ಪತ್ತು ಮೂವತ್ತಕ್ಕೆ ಏರೋ ಹಾಗಿದ್ರೆ, ಮೇಲಿನ ಪರೀಕ್ಷೆ ಎಲ್ಲಾ ಪಾಸಾದ ಎಕ್ಸ್32 ಆ ರೇಟಿಗೆ ಕೆಟ್ಟ ವ್ಯಾಪಾರ ಅಲ್ಲ, ಆದ್ರೆ ಅದನ್ನ ಬೇಸಿಗೆ ಸೀಸನ್ ಮಧ್ಯ ತಗೋಬೇಡಿ, ಮಳೆಗಾಲದಲ್ಲಿ ತಗೊಂಡು ಮನೇಲೇ ಎರಡು ತಿಂಗಳು ಓಡಿಸಿ ನೋಡಿ.

ತಮ್ಮನ ಪೆಡಲ್ ಬಗ್ಗೆ. ಡಿಜಿಟೆಕ್ ಕೂಡ ಹರ್ಮನ್ ಗುಂಪಲ್ಲೇ ಇತ್ತು, ಸ್ಯಾಮ್‌ಸಂಗ್ ಕೈಗೆ ಹೋದ ಮೇಲೆ ಅಮೆರಿಕಾದ ಯೂಟಾದಲ್ಲಿದ್ದ ತಂಡ ಚದುರಿ ಕೆಲವು ವರ್ಷ ಬ್ರ್ಯಾಂಡ್ ಮಲಗೇ ಬಿಡ್ತು, 2022ರಲ್ಲಿ 'ಕೋರ್ಟ್' ಅನ್ನೋ ಹೆಸರಿನ ಗಿಟಾರ್ ಮಾಡೋ ಕೊರಿಯಾದ ಕೋರ್ಟೆಕ್ ತಗೊಂಡು ಮತ್ತೆ ಎಬ್ಬಿಸಿದೆ. ಹೊಸದಾಗಿ ಬರೋದಕ್ಕೆ ಹೊಸ ಯಜಮಾನರ ಸರ್ವೀಸ್ ಸಿಗಬಹುದು, ಹಳೇ ಪೆಡಲಿಗೆ ಅದನ್ನ ಲೆಕ್ಕಕ್ಕೆ ಹಿಡೀಬೇಡಿ, ಇದ್ದ ಹಾಗೇ ಕೆಲಸ ಮಾಡಿದ್ರೆ ಮಾತ್ರ ತಗೊಳ್ಳಿ. ಒಂದು ಎಚ್ಚರ, ಅವರ ಹಳೇ ಕೆಲವು ಪೆಡಲ್, ಉದಾಹರಣೆಗೆ ವ್ಯಾಮಿ ಅನ್ನೋ ಪೆಡಲಿನ ನಾಲ್ಕನೇ ವರ್ಷನ್, 9 ವೋಲ್ಟ್ ಎಸಿ ಅಡಾಪ್ಟರ್ ಕೇಳತ್ತೆ, ನಮ್ಮಲ್ಲಿ ಎಲ್ಲಾ ಕಡೆ ಸಿಗೋ 9 ವೋಲ್ಟ್ ಡಿಸಿ ಅಲ್ಲ. ಎಸಿ ಅಡಾಪ್ಟರನ್ನ ಮರೆತು ಬೇರೆ ಡಿಸಿ ಪೆಡಲಿಗೆ ಹಾಕಿದ್ರೆ ಆ ಪೆಡಲ್ ಸುಟ್ಟು ಹೋಗಬಹುದು. ಪೆಡಲ್ ಹಿಂದೆ ಏನು ಬರೆದಿದೆ ಅಂತ ಓದಿಸಿ, ಒರಿಜಿನಲ್ ಅಡಾಪ್ಟರ್ ಜೊತೆಗೇ ಕೊಡ್ತಾರಾ ಕೇಳಿ, ಅದು ಕೈಗೆ ಬರೋ ತನಕ ದುಡ್ಡು ಕೊಡಬೇಡ ಅಂತ ತಮ್ಮನಿಗೆ ಹೇಳಿ.